ಕಿಟಕಿ ಕಡೆಯ ಜಾಗ

ಸಿದ್ದಣ್ಣನಿಗೆ ಎರಡು ಹುಚ್ಚು: ಒಂದು ಗಿಟಾರು, ಇನ್ನೊಂದು ಅಕ್ಕಲಕೋಟೆಯ ಉಮಾ. ಸೊಲ್ಲಾಪುರದ ಚಾದರ್ ವ್ಯಾಪಾರಿಯ ಮಗ ಅವನು. ಅಂಗಡಿಯಲ್ಲಿ ಕೂತರೂ ಬೆರಳುಗಳು ಗಲ್ಲಾಪೆಟ್ಟಿಗೆಯ ಮೇಲೆ ಕುಣಿಯುತ್ತಿದ್ದವು. ಜೊತೆಗಾರ ಅನಂತ ನಗರಪಾಲಿಕೆಯ ಗುಮಾಸ್ತ. ಎಪ್ಪತ್ನಾಲ್ಕರ ಚಳಿಗಾಲದಲ್ಲಿ ಇಬ್ಬರೂ ಗಿಟಾರುಗಳಿಗೆ ಚಾದರ್ ಸುತ್ತಿಕೊಂಡು, ತಾವೇ ಕಟ್ಟಿದ ಹಾಡುಗಳನ್ನು ಹಾಡುತ್ತ ಎಸ್.ಟಿ. ಬಸ್ಸಿನಲ್ಲಿ ಊರೂರು ಸುತ್ತಿದರು. ಮಂಗಳವೇಢೆಯಲ್ಲಿ ಜನ ಬಾಯಿ ತೆರೆದು ಕೂತರು. ನಂದೇಶ್ವರದಲ್ಲಿ ಒಬ್ಬ ಮುದುಕಿ ಗಿಟಾರಿನ ಹೊಟ್ಟೆ ಸವರಿ, ಒಳಗೆ ಏನಿಟ್ಟಿದ್ದೀರಿ ಎಂದು ಕೇಳಿದಳು.

ಕಡೆಯ ಕಾರ್ಯಕ್ರಮ ಅಕ್ಕಲಕೋಟೆಯಲ್ಲಿ, ಅದೂ ಉಮಾಳ ಅಪ್ಪ, ಕಿರಾಣಿ ವ್ಯಾಪಾರಿ ಸಾತಲಿಂಗಪ್ಪನವರ ಪಡಸಾಲೆಯಲ್ಲೇ ನಿಗದಿಯಾಯಿತು. ಉಮಾ ಕಾಲೇಜಿಗೆಂದು ದಿನವೂ ಸೊಲ್ಲಾಪುರದ ಬಸ್ಸು ಹತ್ತುವವಳು. ಅಂಗಡಿ ಕೆಲಸದ ನೆಪ ಹೂಡಿ ಸಿದ್ದಣ್ಣನೂ ಸಂಜೆ ಅವಳು ಊರಿಗೆ ಮರಳುವ ಬಸ್ಸನ್ನೇ ಹಿಡಿಯುತ್ತಿದ್ದ. ವರ್ಷವಿಡೀ ಕದ್ದು ನಕ್ಕಿದ್ದೇ ಬಂತು, ಒಂದು ಮಾತೂ ಆಗಿರಲಿಲ್ಲ. ಈಗ ಗುರುವಾರ ಬಾರ್ಶಿಯಿಂದ ಅವಳನ್ನು ನೋಡಲು ಗಂಡಿನವರು ಬರುವುದಿತ್ತು. ಕೇಳುವುದಿದ್ದರೆ ಇವತ್ತೇ ಕೇಳಬೇಕು, ಹಾಡಿನಲ್ಲಿ, ಅವಳೊಬ್ಬಳಿಗೇ ತಿಳಿಯುವ ಹಾಗೆ.

ಆದರೆ ಅಂದು ಸೋಮವಾರ, ಆ ಮನೆಯಲ್ಲಿ ಭಜನೆಯ ದಿನ. ಪಡಸಾಲೆಯ ತುಂಬ ತಾಳ ಹಿಡಿದ ಹಿರಿಯರು. ಅಲ್ಲಿಯ ಪದ್ಧತಿ ಗಟ್ಟಿ: ಯಾರು ಒಂದು ಸಾಲು ಹಾಡಿದರೂ ಉಳಿದವರೆಲ್ಲ ಅದನ್ನು ತಿರುಗಿ ಹಾಡಲೇಬೇಕು. ದೇವರ ಮುಂದೆ ತಾಳ ಹಾಕಿ ಹಾಡಿದ ಮಾತನ್ನು ಆಮೇಲೆ ಇಲ್ಲವೆನ್ನುವಂತಿಲ್ಲ. ಗಿಟಾರು ಬಂತೆಂದು ರೂಢಿ ಬಿಡುವ ಜನ ಅವರಲ್ಲ.

"ಅಕ್ಕಲಕೋಟಿ ಬಸ್ಸಿನ್ಯಾಗ ಕಿಟಕಿ ಕಡೆ ಕುಂತಾಕಿ" ಎಂದು ಸಿದ್ದಣ್ಣ ಮೆಲ್ಲಗೆ ಎತ್ತಿಕೊಂಡ. ಇಡೀ ಸಭೆ ಅದನ್ನೇ ಜಂತಿ ನಡುಗುವಂತೆ ತಿರುಗಿ ಹಾಡಿತು. ಅವನ ಗುಟ್ಟು ಓಣಿಯ ತುದಿಯವರೆಗೆ ಕೇಳಿಸಿತು. ಅನಂತ ನಗು ತಡೆಯಲಾರದೆ ಗಿಟಾರಿನ ಮೇಲೆ ಬಗ್ಗಿಬಿಟ್ಟ. "ನನ್ನ ಜೀವಾ ಒಯ್ದಾಕಿ" ಅಂದರೆ ಅದನ್ನೂ ಹಾಡಿದರು. ಎಲ್ಲರಿಗಿಂತ ಜೋರು ಸಾತಲಿಂಗಪ್ಪನವರದೇ ದನಿ. ಇನ್ನು ನಿಲ್ಲಿಸಿದರೆ ಮರ್ಯಾದೆ ಹೋಗುತ್ತದೆ, ಉಮಾಳೂ ಹೋಗುತ್ತಾಳೆ. ಸಿದ್ದಣ್ಣ ಕಣ್ಣು ಮುಚ್ಚಿ ಕೊನೆಯ ಸಾಲನ್ನೂ ಹಾಡಿಯೇಬಿಟ್ಟ: "ನಮ್ಮ ಮನಿಗಿ ಬರ್ತಿ ಏನ, ಒಂದ ಮಾತ ಹೇಳ." ಸಭೆಯೂ ತಿರುಗಿ ಹಾಡಿ ಅದನ್ನೇ ಕೇಳಿತು.

ಒಳಬಾಗಿಲಲ್ಲಿ ಕೂತ ಹೆಂಗಸರ ನಡುವಿನಿಂದ ಒಂದೇ ದನಿ ಎದ್ದಿತು. "ಬರ್ತೀನಿ, ಕಿಟಕಿ ಕಡೆ ಜಾಗಾ ನನಗ ಕೊಡ."

ಉಮಾ ಹಾಡಿದ್ದಳು. ಸಾಲು ಬಂದಮೇಲೆ ಸಭೆ ಬಿಟ್ಟೀತೇ? ತಾಳಗಳು ಝಣಗುಟ್ಟಿದವು, ಎಲ್ಲರೂ ಬರ್ತೀನಿ ಬರ್ತೀನಿ ಎಂದು ಹಾಡಿದರು. ಸಾತಲಿಂಗಪ್ಪನವರಂತೂ ತಲೆಯಾಡಿಸುತ್ತ ಮತ್ತೊಮ್ಮೆ ಹಾಡಿದರು. ಆಮೇಲೆ ಅವರ ಕೈ ನಿಂತಿತು. ಮಗಳನ್ನು ನೋಡಿದರು, ಸಿದ್ದಣ್ಣನನ್ನು ನೋಡಿದರು. ಸಿದ್ದಣ್ಣನಿಗೆ ಓಡಿಹೋಗಲು ಬಾಗಿಲೂ ಕಾಣಲಿಲ್ಲ.

ಅವರು ಹೆಂಡತಿ ಕಸ್ತೂರಬಾಯಿಯ ಕಡೆ ತಿರುಗಿದರು. "ಬಾರ್ಶಿಯವರಿಗಿ ಬ್ಯಾಡಂತ ಹೇಳಿ ಕಳಸು. ದೇವರ ಮುಂದ ನಾನ ಹಾಡೀನಿ, ಈಗ ಇಲ್ಲಂತ ಹ್ಯಾಂಗ ಅನ್ಲಿ?" ಮತ್ತೆ ತಾಳ ಎತ್ತಿಕೊಂಡು ಸಿದ್ದಣ್ಣನಿಗೆ ಹೇಳಿದರು: "ಹೂಂ, ಮುಂದಿನ ಸಾಲ ಹಾಡೋ ತಮ್ಮಾ."

ಮುಂದಿನ ಸಾಲನ್ನು ಅವನು ಕಟ್ಟಿಯೇ ಇರಲಿಲ್ಲ.