ಕೊಡದೆ ಉಳಿದ ಮಾತು

ನಾಟಕಶಾಲೆಯ ಎಡಬದಿಯ ಪರದೆಯ ಹಿಂದೆ ಪುಸ್ತಕ ಹಿಡಿದು ಕೂತು, ಮರೆತ ನಟರಿಗೆ ಮೆಲ್ಲಗೆ ಮಾತು ಎತ್ತಿಕೊಡುವುದು ಅವನ ಕೆಲಸ. ಇಪ್ಪತ್ತಾರು ವರ್ಷ ಪಿಸುಗುಟ್ಟಿದ್ದಕ್ಕೆ ಪಿಸಪ್ಪ ಎಂಬ ಹೆಸರೇ ಅಂಟಿಕೊಂಡಿತ್ತು. ಅಂಥವನು ಆ ಮಧ್ಯಾಹ್ನದ ತಾಲೀಮಿನಲ್ಲಿ ಮೂರನೆಯ ಸಲ ತಪ್ಪಿದ.

ನಾಟಕ ಹಳೆಯದು. ಗುರುವಿಗೆ ವಿಷವಿಟ್ಟು ಸಿಂಹಾಸನ ಹತ್ತಿದ ರಾಜನಿಗೆ ತುಂಬಿದ ಸಭೆಯಲ್ಲಿ ಸತ್ತ ಗುರು ಕಾಣಿಸುತ್ತಾನೆ. ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ. ರಾಜ ಖಾಲಿ ಬಾಗಿಲನ್ನೇ ನೋಡುತ್ತ ಏಳು ಉಸಿರಿನಷ್ಟು ಹೊತ್ತು ಸುಮ್ಮನಿರಬೇಕು. ಆಗ ಯಾರು ಬಾಯಿ ತೆರೆದರೂ ದೃಶ್ಯ ಕೆಟ್ಟಿತು. ಹೊಸ ನಟ ಚೆನ್ನಾಗಿಯೇ ನಿಂತಿದ್ದ. ಆದರೆ ಪಿಸಪ್ಪನಿಗೆ ಬಾಗಿಲಲ್ಲಿ ಕಂಡದ್ದು ರಾಜನ ಪಾತ್ರದ ಹಿಂದಿನ ನಟ, ನಾಲ್ಕು ತಿಂಗಳ ಕೆಳಗೆ ತೀರಿಹೋದ ಅಣ್ಣ. ಒಡಹುಟ್ಟಿದವನಲ್ಲ, ಆದರೂ ಅಣ್ಣನೇ. ಕತ್ತಿಯ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ‘ನಿಜಕ್ಕೂ ಮರೆತಿದ್ದೇನೆ, ಕೊಡು’ ಎಂಬುದಕ್ಕೆ ಅವರಿಬ್ಬರ ಗುರುತು ಅದು.

“ಗುರುವೇ, ಆ ಬಟ್ಟಲು ಕೆಳಗಿಡಿ!” ಎಂದು ರಾಜನ ಮುಂದಿನ ಮಾತನ್ನು ಪಿಸಪ್ಪ ಕೂಗಿಬಿಟ್ಟ.

“ರಾಜನೇ ಇನ್ನೂ ಹೆದರಿಲ್ಲ, ನಿಂದೇನೋ ಅವಸರ?” ಎಂದರು ನಿರ್ದೇಶಕರು. ಯಾರೋ ಕಿಸಕ್ಕೆಂದರು. “ಇನ್ನೊಂದ್ಸಲ ಹೀಗಾದ್ರೆ ಪುಸ್ತಕ ಬೇರೆಯವರ ಕೈಗೆ ಹೋಗತ್ತೆ, ನೋಡ್ಕೋ.”

ಉಡುಪಿನ ಕೋಣೆ ನೋಡಿಕೊಳ್ಳುವ ಅತ್ತಿಗೆ, ಅಂದರೆ ಆ ಅಣ್ಣನ ಹೆಂಡತಿ, ಅವನನ್ನು ಕೈ ಹಿಡಿದು ಕರೆದೊಯ್ದಳು. ಇದ್ದ ಒಂದೇ ಮೆತ್ತನೆಯ ಕುರ್ಚಿಯಿಂದ ರಾಜನ ನಿಲುವಂಗಿ ಎತ್ತಿ ಅವನನ್ನು ಕೂರಿಸಿ, ತಾನು ಅದನ್ನು ಹೊಲಿಯುತ್ತ ಪೆಟ್ಟಿಗೆಯ ಮೇಲೆ ಕೂತಳು.

“ಊಟ ಮಾಡಿದ್ಯೇನೋ? ಮುಖ ನೋಡು, ಹಿಂಡಿದ ಬಟ್ಟೆ ಥರ ಆಗಿದೆ.”

“ಅಣ್ಣ ಕಾಣಿಸ್ತಾನೆ ಅತ್ತಿಗೆ.”

“ನಿನ್ನ ಹತ್ರ ಬರದೆ ಇನ್ಯಾರ ಹತ್ರ ಬರ್ತಾರೆ? ಕೊನೇವರೆಗೂ ನಿನ್ನ ಬಿಟ್ಟುಕೊಡಲಿಲ್ಲ. ‘ಅವನು ಮಾತು ಎತ್ತಿಕೊಟ್ಟ ಕಣೇ, ನನ್ನ ಕಿವೀನೇ ಹೋಗಿದೆ. ಕಿವಿ ಹೋದವನು ರಂಗ ಹತ್ತಬಾರದು’ ಅಂತಿದ್ರು.”

ಅಣ್ಣ ಕೊನೆಯ ಸಲ ರಂಗ ಹತ್ತಿದ ದಿನ ಬೆಳಿಗ್ಗೆ ಪಿಸಪ್ಪ ದೂತನ ಪಾತ್ರ ಕೇಳಿದ್ದ. ನಾಲ್ಕೇ ಮಾತಿನ ಪಾತ್ರ. ಅಣ್ಣ ಎಲ್ಲರೆದುರು, “ಇವನು ದೂತನಾದ್ರೆ ಸುದ್ದಿ ರಾಜನಿಗಲ್ಲ, ಇರುವೆಗೆ ಮುಟ್ಟತ್ತೆ!” ಎಂದಿದ್ದ. ಪಿಸಪ್ಪನೂ ನಕ್ಕಿದ್ದ. ಸಂಜೆಯ ಪ್ರದರ್ಶನದಲ್ಲಿ ಅಣ್ಣನ ಹೆಬ್ಬೆರಳು ಕತ್ತಿಯ ಹಿಡಿ ಉಜ್ಜಿದಾಗ, ಒಂದೆರಡು ಉಸಿರು ಬೆವರಲಿ ಎಂದುಕೊಂಡ. ಅಷ್ಟೇ. ಅಷ್ಟರೊಳಗೆ ಪ್ರೇಕ್ಷಕರಿಂದ ಸಿಳ್ಳೆ ಬಿತ್ತು, ಪರದೆ ಇಳಿಯಿತು. ಅಣ್ಣ ಮತ್ತೆ ರಂಗ ಹತ್ತಲಿಲ್ಲ, ಹಾಸಿಗೆ ಹಿಡಿದ.

“ಕೊಡಲಿಲ್ಲ ಅತ್ತಿಗೆ. ಅವನು ಕೇಳಿದ್ದು ನೋಡಿದೆ. ಬೇಕಂತಲೇ ಕೊಡಲಿಲ್ಲ.”

ಅತ್ತಿಗೆಯ ಸೂಜಿ ನಿಂತಿತು.

“ಅಂದ್ರೆ... ಅವರ ಕಿವಿ ಚೆನ್ನಾಗಿತ್ತು.”

“ಹೂಂ.”

“ಮೂರು ತಿಂಗಳು ಅರಚಿ ಅರಚಿ ಮಾತಾಡಿದೆ ಕಣೋ. ನೀರು ಬೇಕಾ, ನೋವಾ, ಎಲ್ಲಾ ಕೂಗಿಯೇ. ‘ಹತ್ತಿರದ್ದು ಕೇಳ್ಸತ್ತೆ, ಮೆಲ್ಲಗೆ ಹೇಳೇ’ ಅಂತಿದ್ರು. ನನ್ನ ಸಮಾಧಾನಕ್ಕೆ ಅಂತಾರೆ ಅಂದ್ಕೊಂಡೆ. ಸಾಯೋ ಮನುಷ್ಯನ ಹತ್ರ ಒಂದು ಮಾತೂ ಮೆಲ್ಲಗೆ ಆಡಲಿಲ್ಲ ನಾನು.”

ದಾರ ಸೂಜಿಯಿಂದ ಜಾರಿತ್ತು. ಪೋಣಿಸಿಕೊಡಲು ಅವನು ಕೈಚಾಚಿದ. ಅವಳು ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು. ಅವನು ಬಾಗಿಲವರೆಗೆ ಹೋದ ಮೇಲೆ, ಗೋಡೆಯ ಕಡೆ ಮುಖ ಮಾಡಿಯೇ, “ಹೂಜೀಲಿ ನೀರಿದೆ, ಕುಡಿದು ಹೋಗು,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ತಾಲೀಮು ಮತ್ತೆ ಶುರುವಾಯಿತು. ಹೇಳಿಬಿಟ್ಟರೆ ಬಾಗಿಲು ಖಾಲಿಯಾದೀತು ಎಂದು ಪಿಸಪ್ಪ ನಂಬಿದ್ದ. ರಾಜನ ಮೌನದ ಗಳಿಗೆ ಬಂತು. ಅಣ್ಣ ಅಲ್ಲೇ ಇದ್ದ. ಹೆಬ್ಬೆರಳು ಈಗ ಕತ್ತಿಯ ಮೇಲಿರಲಿಲ್ಲ. ಅಂಗೈಯನ್ನು ಕಿವಿಯ ಹಿಂದೆ ಒಡ್ಡಿ, ಮುದುಕರ ಹಾಗೆ ಮುಂದಕ್ಕೆ ಬಾಗಿದ್ದ.

ಪಿಸಪ್ಪ ಪಿಸುಗುಟ್ಟಿದ. ಅಣ್ಣನಿಗೆ ಕೇಳಿಸಲಿಲ್ಲ. ತುಸು ಗಟ್ಟಿಯಾಗಿ ಹೇಳಿದ. ಆಗಲೂ ಇಲ್ಲ. ಆಮೇಲೆ ಎದ್ದು ನಿಂತು, ಗಂಟಲು ಹರಿಯುವಂತೆ ಅದೇ ಮಾತನ್ನು ಮತ್ತೆ ಮತ್ತೆ ಕೂಗತೊಡಗಿದ. ನಿರ್ದೇಶಕರು ಬಂದು ಅವನ ಕೈಯಿಂದ ಪುಸ್ತಕ ಬಿಡಿಸಿಕೊಂಡರು. ಅದು ಹೋದದ್ದು ಅವನಿಗೆ ತಿಳಿಯಲೇ ಇಲ್ಲ. ಅಣ್ಣ ಇನ್ನಷ್ಟು ಬಾಗಿ, ಏನೂ ಕೇಳಿಸುತ್ತಿಲ್ಲವೆಂದು, ತಪ್ಪು ತನ್ನದೇ ಎಂಬಂತೆ, ತಲೆಯಾಡಿಸುತ್ತಿದ್ದ.