ಸೆನೆಟರ್ ಕೇಳಿದ ಒಂದು ಹೆಸರು

ಆರು ವರ್ಷಕ್ಕೊಮ್ಮೆ ಚುನಾವಣೆ ಬಂದಾಗ ಮಾತ್ರ ಸೆನೆಟರ್ ಹಾಲ್ವರ್ಸನ್‌ಗೆ ಅಮೆರಿಕದ ಮೊಂಟಾನಾ ರಾಜ್ಯದ ಈ ಮೂಲೆಯ ಊರು ನೆನಪಾಗುತ್ತದೆ. ಆಗ ಅಗ್ನಿಶಾಮಕ ಠಾಣೆಯ ಬಂಡಿಗಳನ್ನು ಹೊರಗೆ ನಿಲ್ಲಿಸಿ, ಒಳಗೆ ಉದ್ದ ಮೇಜು ಹಾಕಿ ಎಲ್ಲರಿಗೂ ಪ್ಯಾನ್‌ಕೇಕ್ ಬಡಿಸುತ್ತಾರೆ. ತಿಂದವರು ಮೈಕ್ ಹಿಡಿದು ಏನು ಬೇಕಾದರೂ ಕೇಳಬಹುದು. ಈ ಸಲ ಚುನಾವಣೆಯ ಎದುರಾಳಿ ರೀಟಾ ಬ್ರೌಟನ್ ಕಳಿಸಿದ ಗಡ್ಡದವನೊಬ್ಬ ಕ್ಯಾಮರಾ ಹಿಡಿದು ಸೆನೆಟರ್ ಹೋದಲ್ಲೆಲ್ಲ ಹಿಂದೆ ಬರುತ್ತಾನೆ. ಇವನ ನಾಲಿಗೆ ಎಲ್ಲಿ ಜಾರೀತೋ ಎಂದು ಕಾಯುವುದೇ ಅವನ ಉದ್ಯೋಗ! ಚಳಿಯಲ್ಲಿ ಬಂದಿದ್ದಾನೆ ಪಾಪ ಎಂದು, ಬಡಿಸಲು ನಿಂತಿದ್ದ ಊರಿನ ವರ್ಲಾ ಅವನ ತಟ್ಟೆಗೆ ಇನ್ನೊಂದು ಪ್ಯಾನ್‌ಕೇಕ್ ಹಾಕಿದ್ದಳು.

ದನದ ಮಾಂಸದ ಬೆಲೆ, ಸರ್ಕಾರಿ ಹುಲ್ಲುಗಾವಲು ಎಂದು ಎಲ್ಲರ ಪ್ರಶ್ನೆ ಮುಗಿದ ಮೇಲೆ ವರ್ಲಾ ಎದ್ದಳು.

"ನಮ್ಮ ಆಸ್ಪತ್ರೇಲಿ ಹೆರಿಗೆ ವಾರ್ಡ್ ಮುಚ್ಚಿದ್ರಲ್ಲ, ದುಡ್ಡು ಕಡಿತ ಮಾಡಕ್ಕೆ ನೀವೇ ತಾನೇ ಕೈ ಎತ್ತಿದ್ದು?"

ಹಾಲ್ವರ್ಸನ್ ನಕ್ಕ. "ಎಲ್ಲಾ ಊರಲ್ಲೂ ಇದೇ ಪುಕಾರು ಕಣಮ್ಮ. ನನ್ನಿಂದ ತೊಂದ್ರೆ ಆದವರದ್ದು ಒಂದೇ ಒಂದು ಹೆಸರು ಹೇಳಿ ಅಂದ್ರೆ ಯಾರೂ ಬಾಯಿ ಬಿಡಲ್ಲ. ನೀವಾದ್ರೂ ಹೇಳಿ, ನೋಡೋಣ."

ವರ್ಲಾಗೆ ಮೈಯೆಲ್ಲ ಉರಿದುಹೋಯಿತು.

"ಓಪಲ್! ನನ್ನ ಮೊಮ್ಮಗಳು. ದೂರದ ಬಿಲ್ಲಿಂಗ್ಸ್ ಊರಿನ ಆಸ್ಪತ್ರೆಗೆ ಹೋಗ್ತಾ, ಹಿಮದಲ್ಲಿ, ನನ್ನ ಗಾಡೀಲೇ ಹುಟ್ಟಿ ಗಾಡೀಲೇ ಸತ್ಲು. ಸಾಕಾ ನಿಮ್ಗೆ?"

ಸೆನೆಟರ್‌ನ ಮುಖ ಇಂಗು ತಿಂದ ಮಂಗನ ಮುಖವಾಯಿತು. ಸರಿಯಾಗಿ ಕೊಟ್ಟೆ ಎಂಬ ಹುಮ್ಮಸ್ಸಿನಲ್ಲಿ ವರ್ಲಾ ಮನೆಯ ದಾರಿ ಅರ್ಧ ನಡೆದಿದ್ದಳು. ಆಮೇಲೆ, ಬಾಯಿಂದ ಬಂದದ್ದು ಯಾವ ಹೆಸರೆಂದು ಹೊಳೆದು ದಾರಿಯಲ್ಲೇ ನಿಂತುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಗು ಸತ್ತಿದ್ದು ಊರಿಗೆಲ್ಲ ಗೊತ್ತು. ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗಾಡಿಯ ಹಿಂದಿನ ಸೀಟಿನಲ್ಲಿ ಮಗಳು ಕೆಲ್ಸಿ ಆ ಹೆಸರಿಟ್ಟಿದ್ದಳು. ಬಿಟ್ಟುಹೋದ ಗಂಡನಿಗೂ ಹೇಳಿರಲಿಲ್ಲ, ಗೋರಿಕಲ್ಲಿನ ಮೇಲೂ ಕೆತ್ತಿಸಿರಲಿಲ್ಲ. "ನಾವಿಬ್ಬರೇ ಇಟ್ಕೊಳ್ಳೋಣಮ್ಮ" ಎಂದಿದ್ದಳು. ಸಂಜೆ ಬಾಗಿಲ ಹೊರಗಿನ ದೀಪ ಹಾಕುವಾಗ ಇಬ್ಬರಲ್ಲೊಬ್ಬರು "ಓಪಲ್, ದೀಪ ಹಾಕಿದೀವಿ ಕಣೇ" ಎನ್ನುವುದು ರೂಢಿಯಾಗಿತ್ತು. ಅದೊಂದು ಮಾತಿನ ಮೇಲೆ ಕೆಲ್ಸಿ ಮತ್ತೆ ಊಟ ಮಾಡತೊಡಗಿದ್ದಳು, ಕೆಲಸಕ್ಕೂ ಹೋಗತೊಡಗಿದ್ದಳು.

ಮಗಳಿಗೆ ಹೇಳಿಬಿಡಬೇಕಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ವರ್ಲಾ ದಿನ ದೂಡಿದಳು. ಹೇಡಿತನ, ಇನ್ನೇನು!

ಭಾನುವಾರ ಫುಟ್‌ಬಾಲ್ ಆಟದ ನಡುವೆ ಟೀವಿಯ ಚುನಾವಣಾ ಜಾಹೀರಾತಿನಲ್ಲಿ ವರ್ಲಾಳ ಮುಖವೇ ಬಂತು. ಗಡ್ಡದವನು ಪ್ಯಾನ್‌ಕೇಕನ್ನೂ ತಿಂದಿದ್ದ, ಕೆಲಸವನ್ನೂ ಮಾಡಿದ್ದ. "ಓಪಲ್‌ಗಾಗಿ, ರೀಟಾ ಬ್ರೌಟನ್‌ಗೆ ಮತ ಕೊಡಿ" ಎಂದಿತು ಒಂದು ಗಂಭೀರ ದನಿ. ಕೆಲ್ಸಿ ಕೈಯಲ್ಲಿದ್ದ ಸೂಪಿನ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು ತನ್ನ ಕೋಣೆಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ವರ್ಲಾ ಮರುದಿನವೇ ಬ್ರೌಟನ್ ಕಚೇರಿಗೆ ಫೋನ್ ಮಾಡಿ ಆ ಹೆಸರು ತೆಗೆಯಿರಿ ಎಂದು ಬೇಡಿಕೊಂಡಳು.

"ತುಂಬಿದ ಸಭೇಲಿ ನೀವೇ ಹೇಳಿದ್ದಲ್ವಾ ಮೇಡಂ?" ಎಂದಿತು ಆ ಕಡೆಯ ಎಳೆ ದನಿ. "ಜನ ಅಳ್ತಿದಾರೆ ಗೊತ್ತಾ? ಸಮೀಕ್ಷೇಲಿ ನಮ್ಮ ಮತ ಏರ್ತಿದೆ."

ಹಾಲ್ವರ್ಸನ್ ಸುಮ್ಮನಿರುವ ಪೈಕಿಯೇ? ವಾರ ಕಳೆಯುವುದರೊಳಗೆ ಅವನೂ ಟೀವಿಗೆ ಬಂದ. ಕಣ್ಣು ಒರೆಸಿಕೊಂಡ. ಗೆದ್ದರೆ ಹಳ್ಳಿಯ ಆಸ್ಪತ್ರೆಗಳಿಗೆ 'ಓಪಲ್ ಕಾಯ್ದೆ' ತರುತ್ತೇನೆಂದ. ಅಂಗಡಿ, ಚರ್ಚು, ಪೆಟ್ರೋಲ್ ಬಂಕು, ಎಲ್ಲಿ ಹೋದರೂ ಓಪಲ್, ಓಪಲ್. ಬೇಲಿಗಳ ಮೇಲೆ ಬ್ರೌಟನ್‌ಳ ನೀಲಿ ಫಲಕದಲ್ಲೊಂದು ಓಪಲ್, ಹಾಲ್ವರ್ಸನ್‌ನ ಕೆಂಪು ಫಲಕದಲ್ಲೊಂದು.

ಅಂಥದೊಂದು ಸಂಜೆ ಕತ್ತಲಾಗುತ್ತಿದ್ದಂತೆ ವರ್ಲಾ ಬಾಗಿಲಿಗೆ ಬಂದು ದೀಪದ ಸ್ವಿಚ್ ಒತ್ತಿದಳು. ಕೆಲ್ಸಿ ಬೂಟು ಬಿಚ್ಚುತ್ತಾ ಹಿಂದೆಯೇ ಕೂತಿದ್ದಳು. ಅಭ್ಯಾಸಬಲದಿಂದ ವರ್ಲಾಳ ಬಾಯಿ ತೆರೆಯಿತು.

"ಬೇಡಮ್ಮ," ಎಂದಳು ಕೆಲ್ಸಿ.

"ತಪ್ಪಾಯ್ತು ಕಣೇ ಮಗಳೇ. ಸಿಟ್ಟಲ್ಲಿ..."

"ಗೊತ್ತು. ನೀನು ಅವಳಿಗೋಸ್ಕರಾನೇ ಹೇಳ್ದೆ, ಅದೂ ಗೊತ್ತು." ಕೆಲ್ಸಿ ಇನ್ನೊಂದು ಬೂಟನ್ನೂ ಬಿಚ್ಚಿ ಜೋಡಿಸಿಟ್ಟಳು. "ಆದ್ರೆ ಈಗ ಆ ಹೆಸರು ಕೇಳಿದ್ರೆ ನಂಗೆ ಟೀವಿಯ ಅವರಿಬ್ಬರ ಮುಖ ಕಣ್ಮುಂದೆ ಬರುತ್ತಮ್ಮ. ಮಗು ಬರಲ್ಲ."

ವರ್ಲಾ ಸ್ವಿಚ್ಚಿನ ಮೇಲಿಂದ ಕೈ ತೆಗೆದಳು. ಹೊರಗೆ ದೀಪ ಸುಮ್ಮನೆ ಉರಿಯುತ್ತಿತ್ತು.