ನೀಲಿ ಕಸೂತಿಯಲ್ಲಿ ಮೂರು ಕೆಂಪು ಹೂವು

ಅಪ್ಪ ಸತ್ತಮೇಲೆ ಒಂಬತ್ತು ವರ್ಷ ಅವ್ವ ಹಾಕಿದ್ದು ಒಂದೇ ಬಗೆಯ ಕಪ್ಪು ನಿಲುವಂಗಿ, ಎದೆಯ ತುಂಬ ನೀಲಿ ದಾರದ ಕಸೂತಿ. ವಿಧವೆಗೆ ನೀಲಿ. ಹಿರಿಯರ ಊರು ಬೀರ್ ಸಬಾ ಬಿಟ್ಟು ಅಮ್ಮಾನ್ ಶಹರಕ್ಕೆ ಬಂದುಬಿದ್ದ ನಮ್ಮ ಹೆಂಗಸರು ನೆಲ ಕಳಕೊಂಡರೂ ಇದನ್ನು ಬಿಟ್ಟಿಲ್ಲ. ನನಗೆ ಗೊತ್ತಿದ್ದದ್ದು ಅಷ್ಟೇ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವನು ನಾನು. ಹಳೆಯ ನಿಲುವಂಗಿಗಳ ಕಸೂತಿಯನ್ನು ಜೀನ್ಸ್ ಜಾಕೆಟ್ಟಿನ ಬೆನ್ನಿಗೆ ಇಳಿಸುವುದು ನನ್ನ ಕಸುಬು. ಕಸೂತಿಯೆಂದರೆ ಬಣ್ಣ, ಅಳತೆ, ಅಂದ. ಅದು ಮಾತಾಡುತ್ತದೆ ಎಂದು ಯಾವ ನನ್ಮಗನೂ ನನಗೆ ಹೇಳಿರಲಿಲ್ಲ.

ಒಂದು ಬೆಳಗ್ಗೆ ಮಾಳಿಗೆಯಲ್ಲಿ, ನನ್ನ ಕೋಣೆಯ ಕಿಟಕಿಗೆ ನೇರವಾಗಿ, ಅವ್ವನ ಅಂಗಿ ಒಣಗುತ್ತಿತ್ತು. ನೀಲಿಯ ನಡುವೆ ಮೂರು ಕೆಂಪು ಹೂವು. ಹೊಸ ದಾರ. ಫೋಟೊ ತೆಗೆದೆ, ಅದೇ ನಮೂನೆಯ ಜಾಕೆಟ್ಟು ಹೊಲಿದೆ, ಎರಡನ್ನೂ ಅಕ್ಕಪಕ್ಕ ಇನ್‌ಸ್ಟಾಗ್ರಾಮಿಗೆ ಹಾಕಿದೆ. ಕೆಳಗೆ 'ನಮ್ಮವ್ವನ ಹೊಸ ನಮೂನೆ' ಎಂದು ಬರೆದೆ.

ಮಾರನೆಯ ದಿನ ಎದುರುಮನೆಯ ಉಮ್ ಸೈಫ್ ಅಂಗಡಿಗೇ ಬಂದಳು.

"ಏನೋ ಫವ್ವಾಜ್, ಅವ್ವನ ಮದುವೆ ಕರೆಯೋಲೆ ಮೊಬೈಲಲ್ಲೇ ಹಂಚ್ಬಿಟ್ಯಂತೆ? ಕುರಿ ಕಡಿಯೋದು ಯಾವತ್ತಪ್ಪ?"

"ಏನ್ ಮಾತು ಚಿಕ್ಕಮ್ಮ ಇದು?"

"ಅಯ್ಯೋ ಪೆದ್ದೇ! ನೀಲಿ ಮೇಲೆ ಕೆಂಪು ಹಾಕಿದ್ಲು ಅಂದ್ರೆ ಇನ್ನೊಂದು ಮದುವೆಗೆ ಮನಸ್ಸು ಮಾಡಿದಾಳೆ ಅಂತ ಕಣೋ. ದೊಡ್ಡ ಡಿಸೈನರಂತೆ, ಡಿಸೈನರು!"

ಮನೆಗೆ ಓಡಿದೆ. ಅವ್ವ ನೆಲದ ಮೇಲೆ ಕೂತು ಸೂಜಿಯ ತುದಿಯಿಂದ ಕೆಂಪು ದಾರ ಬಿಚ್ಚುತ್ತಿದ್ದಳು. ಎರಡು ಹೂವು ಆಗಲೇ ಹೋಗಿದ್ದವು.

"ಯಾರವ್ವ ಅವನು?" ಎಂದು ಕೂಗಿದೆ. ಯಾರ ಮೇಲಿನ ಸಿಟ್ಟೋ, ನನಗೇ ತಿಳಿಯದು.

"ಬಸ್ ಓಡಿಸ್ತಾನಲ್ಲ, ಅಬೂ ಗಾಲಿಬ್. ಅವನ ಮನೆ ಹಿರಿಯರು ಬಂದು ನಿನ್ನ ಒಪ್ಪಿಗೆ ಕೇಳೋರಿದ್ರು. ಈಗ ಮೊಬೈಲಲ್ಲಿ ಗಂಡ ಹುಡುಕೋಳು ನಮಗೆ ಬೇಡ ಅಂದ್ರಂತೆ. ಮುಗೀತು ಬಿಡು."

"ನನಗ್ಯಾಕೆ ಮೊದಲೇ ಹೇಳ್ಲಿಲ್ಲ?"

ಅವ್ವ ತಲೆಯೆತ್ತಲಿಲ್ಲ. "ಬಾಯಿಬಿಟ್ಟು ಮಗನ ಹತ್ರ ಹೆಂಗೋ ಹೇಳಲಿ? ನಿನ್ನ ಕಿಟಕಿ ಎದುರಿಗೇ ಒಣಹಾಕಿದ್ದೆ. ದಿನಾ ಕಸೂತಿ ನೋಡೋನು, ಓದ್ಕೋತೀಯ ಅಂದ್ಕೊಂಡೆ."

ಮೂರನೆಯ ಹೂವೂ ಬಿಚ್ಚಿಹೋಯಿತು.

ಫೋಟೊ ಅಳಿಸಿದೆ. ಜಾಕೆಟ್ಟನ್ನು ಕತ್ತರಿಯಿಂದ ಸೀಳಿದೆ. ಅಂಥವೇ ಇಪ್ಪತ್ತು ಬೇಕೆಂದ ದುಬೈನ ಗಿರಾಕಿಗೆ ಬಾಯಿಗೆ ಬಂದಂತೆ ಬೈದೆ. ಆ ಗಿರಾಕಿಯ ತಪ್ಪೇನಿತ್ತು? ಮೊದಲೆಲ್ಲ ಅಬೂ ಗಾಲಿಬನ ಬಸ್ಸು ನಮ್ಮ ಓಣಿಯ ಬಾಯಲ್ಲಿ ಎರಡು ಸಲ ಹಾರನ್ ಹೊಡೆಯುತ್ತಿತ್ತು; ಯಾಕೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಸುಮ್ಮನೆ ದಾಟಿಹೋಗುತ್ತದೆ. ಆ ಹೊತ್ತಿಗೆ ಅವ್ವ ಅಡುಗೆಮನೆಯ ನಲ್ಲಿ ಜೋರಾಗಿ ಬಿಡುತ್ತಾಳೆ.

ನೀಲಿ ಕಸೂತಿಯ ಅಂಗಿ ಪೆಟ್ಟಿಗೆ ಸೇರಿತು. ಅವ್ವ ಈಗ ಹಾಕುವುದು ಪೇಟೆಯಿಂದ ಕೊಂಡುತಂದ ಬರೀ ಕಪ್ಪು ಅಂಗಿ. ನನ್ನ ಕಿಟಕಿಯ ಎದುರಿಗೇ ಅದನ್ನು ಒಣಹಾಕುತ್ತಾಳೆ. ದಿನವೂ ನೋಡುತ್ತೇನೆ. ಎದೆಯ ಮೇಲೆ ಒಂದು ಹೊಲಿಗೆಯೂ ಇಲ್ಲ.